ಅಪ್ಪ ತುಂಬಿಸಿದ ಲೈಟರ್

"ಸ್ಟೋವ್ ಆರಿಸೇ! ಮೊದಲು ಸ್ಟೋವ್ ಆರಿಸು!"

ಬಾಗಿಲಲ್ಲಿ ನಿಂತು ಅಜ್ಜಿ ಕೂಗಿದ ರಭಸಕ್ಕೆ ಸುಂದುಸಳ ಕೈಯಿಂದ ಲೈಟರಿಗೆ ಗ್ಯಾಸ್ ತುಂಬಿಸುವ ಸಣ್ಣ ಡಬ್ಬಿ ಜಾರಿ ಬಿತ್ತು. ಇನ್ನೊಂದು ಕೈಯಲ್ಲಿ ಅಪ್ಪನ ಲೈಟರ್ ಇತ್ತು. ಪಕ್ಕದಲ್ಲೇ ಮೀನಿನ ಸಾರು ಕುದಿಯುತ್ತಿತ್ತು.

ಅಜ್ಜಿಯೇ ಓಡಿಬಂದು ಸ್ಟೋವ್ ಆರಿಸಿ, ಕಿಟಕಿ ತೆರೆದಳು.

"ಮನೆ ಸುಡೋಕೆ ಹೊರಟಿದ್ದೀಯಾ? ಬೆಂಕಿ ಪಕ್ಕ ಕೂತು ಯಾರಾದ್ರೂ ಗ್ಯಾಸ್ ತುಂಬಿಸ್ತಾರಾ?"

"ಒಳಗೆ ಹೋಗ್ತಾನೇ ಇಲ್ಲ ಅಜ್ಜಿ. ಎಲ್ಲಾ ಹೊರಗೇ ಚೆಲ್ತಿದೆ." ಸುಂದುಸ್ ಬೆರಳು ಉಜ್ಜಿಕೊಂಡಳು. ಮಂಜುಗಡ್ಡೆ ಮುಟ್ಟಿದ ಹಾಗೆ ಬೆರಳು ಮರಗಟ್ಟಿತ್ತು.

ಆ ಲೈಟರನ್ನು ಯಾರೂ ಮುಟ್ಟಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಬೇಸಿಗೆಯಲ್ಲಿ ಅಪ್ಪ ಮೀನಿಗೆ ಹೋದ ದಿನ ಅದನ್ನು ಮನೆಯಲ್ಲೇ ಮರೆತಿದ್ದ. ದೋಣಿ ಅವರ ಊರಾದ ಮಹ್ದಿಯಾದ ಬಂದರಿಗೆ ಮರಳಲೇ ಇಲ್ಲ. ಹುಡುಕಲು ಹೋದವರೂ ಕೈಚೆಲ್ಲಿದರು. ಲೈಟರಿನ ಉರಿ ಮಂಕಾದಾಗ ಅಮ್ಮ ಈ ಡಬ್ಬಿ ತಂದಳು. ಅಜ್ಜಿ ಲೈಟರನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟಳು. "ತುಂಬಿಸಿದವನೇ ಬಂದು ತುಂಬಿಸ್ತಾನೆ" ಎಂದಳು. ಆವತ್ತಿನಿಂದ ಸ್ಟೋವಿಗೆ ಬೆಂಕಿಕಡ್ಡಿ.

"ಯಾಕೆ ತೆಗ್ದೆ?"

"ವಜ್ದಿ ಕ್ಲಾಸಲ್ಲಿ ಎಲ್ಲರ ಮುಂದೆ ಹೇಳ್ದ, ನಿಮ್ಮಪ್ಪ ಇನ್ನು ಬರಲ್ಲ ಅಂತ. ಸುಳ್ಳ ಅವನು! ಅವನ ಬ್ಯಾಗ್ ಹರಿದು ಹಾಕ್ದೆ." ಸುಂದುಸ್ ಬಿದ್ದ ಡಬ್ಬಿಯನ್ನು ಎತ್ತಿಕೊಂಡಳು. "ಅಪ್ಪ ಬಂದ ತಕ್ಷಣ ಲೈಟರ್ ಕೇಳ್ತಾನಲ್ವಾ? ರೆಡಿ ಇರ್ಲಿ ಅಂತ…"

ಬೈಗುಳಕ್ಕೆ ಅವಳು ಕಾದಳು. ಅಜ್ಜಿ ಬೈಯಲಿಲ್ಲ. ಅವಳ ಕೈಯಿಂದ ಲೈಟರ್ ತೆಗೆದುಕೊಂಡಳು.

"ಸಣ್ಣ ಸ್ಕ್ರೂಡ್ರೈವರ್ ತಗೊಂಡು ಅಂಗಳಕ್ಕೆ ಬಾ."

ಅಂಗಳದಲ್ಲಿ ಸಮುದ್ರದ ಗಾಳಿ ಜೋರಾಗಿತ್ತು.

"ಮೊದಲು ಒಳಗಿರೋ ಹಳೇದನ್ನ ಬಿಡ್ಬೇಕು. ಇಲ್ದಿದ್ರೆ ಹೊಸದು ಸರಿಯಾಗಿ ಹೋಗಲ್ಲ."

"ಅಜ್ಜಿ, ಅದು ಅಪ್ಪ ತುಂಬಿಸಿದ್ದು!"

"ಗೊತ್ತು ಕಣೇ."

ಅಜ್ಜಿ ಎರಡು ಸಲ ಪ್ರಯತ್ನಿಸಿದಳು. ಸ್ಕ್ರೂಡ್ರೈವರ್ ಲೈಟರಿನ ತಳದ ತೂತಿಗೆ ಕೂರಲಿಲ್ಲ. "ನೀನೇ ಒತ್ತು. ಮುಖ ಆಚೆ ತಿರುಗಿಸ್ಕೋ."

ಸುಂದುಸ್ ಒತ್ತಿದಳು. ಸಣ್ಣಗೆ ಬುಸ್ ಎಂದಿತು, ನಿಂತಿತು. ಅಪ್ಪನ ಕೋಟಿನ ಜೇಬಿನ ವಾಸನೆ ಒಂದು ಗಳಿಗೆ ಮೂಗಿಗೆ ಬಡಿದು ಗಾಳಿಯಲ್ಲಿ ಹೋಯಿತು. ಅವಳಿಗೆ ಅಳು ತಡೆಯಲಾಗಲಿಲ್ಲ.

"ಅಳು, ಪರವಾಗಿಲ್ಲ. ಲೈಟರ್ ಮಾತ್ರ ತಲೆಕೆಳಗೆ ಹಿಡ್ಕೋ. ಡಬ್ಬೀನ ನೆಟ್ಟಗೆ ಮೇಲಿಂದ ಕೂರಿಸಿ ಒತ್ತು. ಅಲ್ಲಾಡಿಸ್ಬೇಡ. ಹಾಂ, ಸಾಕು."

"ಹತ್ತಿಸ್ಲಾ?"

"ತಡಿ. ಇನ್ನೂ ತಣ್ಣಗೆ ಕೊರೀತಿದೆ ನೋಡು. ಚೆಲ್ಲಿದ ಗ್ಯಾಸೆಲ್ಲ ಗಾಳೀಲಿ ಹೋಗ್ಲಿ."

ಇಬ್ಬರೂ ಕಾದು ಕುಳಿತರು. ಬೀದಿಯಲ್ಲಿ ಆಡುತ್ತಿದ್ದ ತಮ್ಮ ಇಯಾದ್ ಚೆಂಡು ಹಿಡಿದು ಅಂಗಳಕ್ಕೆ ಬಂದ. ಲೈಟರ್ ನೋಡಿ ಅವನ ಕಣ್ಣರಳಿತು.

"ತುಂಬಿಸಿಬಿಟ್ರಾ? ಅಪ್ಪನೇ ಬಂದು ತುಂಬಿಸ್ತಾನೆ ಅಂದಿದ್ಯಲ್ಲ ಅಜ್ಜಿ?"

"ಅಂದಿದ್ದೆ ಮಗಾ," ಎಂದಳು ಅಜ್ಜಿ.

ಇಯಾದ್ ಅವಳ ಮುಂದೆಯೇ ನಿಂತಿದ್ದ. ಅಜ್ಜಿ ತಲೆ ಎತ್ತಲಿಲ್ಲ. ಸುಂದುಸ್ ಅವಳನ್ನೇ ನೋಡಿದಳು. ಈ ಸಲ ಅಜ್ಜಿ 'ಬರ್ತಾನೆ' ಎನ್ನಲಿಲ್ಲ.

"ಬಾರೋ, ಸಾರು ಬಿಸಿ ಮಾಡ್ತೀನಿ," ಎಂದು ಸುಂದುಸ್ ತಮ್ಮನ ಕೈ ಹಿಡಿದು ಒಳಗೆ ಕರೆದೊಯ್ದಳು.

ಲೈಟರ್ ಮೊದಲ ಸಲಕ್ಕೇ ಹತ್ತಿತು. ಸ್ಟೋವ್ ಹಚ್ಚಿ ಅವಳು ಕಿಟಕಿಯಾಚೆ ನೋಡಿದಳು. ಅಜ್ಜಿ ಅಂಗಳದಲ್ಲೇ ಕುಳಿತಿದ್ದಳು. ಸುಂದುಸ್ ಕರೆಯಲಿಲ್ಲ. ಸಾರು ಕುದಿಯುವಷ್ಟರಲ್ಲಿ ಅಮ್ಮನ ಸೂಜಿ ದಾರದ ಡಬ್ಬಿ ಹುಡುಕಿ ತೆಗೆದಿಟ್ಟಳು. ನಾಳೆ ವಜ್ದಿಯ ಬ್ಯಾಗ್ ಹೊಲಿದುಕೊಡಬೇಕು.