ಕೆಂಪು ಬಾವುಟದ ಜಗಳ

ಬೆಳಗ್ಗೆ ಎದ್ದ ಕೂಡಲೇ ಕಿಟಕಿಯಿಂದ ಬಾವುಟ ನೋಡುವುದು ಟೀಚರ್‌ಗೆ ಮೂರು ತಿಂಗಳಿನಿಂದ ರೂಢಿಯಾಗಿತ್ತು. ಹಸಿರಿದ್ದರೆ ಸಮುದ್ರಕ್ಕೆ ಇಳಿಯಬಹುದು, ಕೆಂಪಿದ್ದರೆ ಕೂಡದು. ಅವತ್ತು ಕೆಂಪಿತ್ತು. ಕೆಂಪಿದ್ದ ದಿನಗಳಲ್ಲೆಲ್ಲ ಮಾಡುತ್ತಿದ್ದಂತೆ ಅವಳು ಕೂದಲನ್ನು ಗಂಟು ಹಾಕಿಕೊಂಡು, ಜಗಳಕ್ಕೆ ಟೊಂಕ ಕಟ್ಟಿ ಹೊರಟಳು.

ಊರಿನ ಕೊಳಚೆ ನೀರನ್ನು ಸಮುದ್ರಕ್ಕೆ ಒಯ್ಯುತ್ತಿದ್ದ ಹಳೆಯ ಪೈಪು ತುಕ್ಕು ತಿಂದು ಅಲ್ಲಲ್ಲಿ ಒಡೆದಿತ್ತು. ಅದನ್ನು ಬದಲಾಯಿಸುವ ಕೆಲಸ ನಡೆದಿತ್ತು. ಹೊಸ ಪೈಪು ಜೋಡಿಸುವ ದಿನಗಳಲ್ಲಿ ಆ ನೀರನ್ನು ದಡದ ಹತ್ತಿರವೇ ಬಿಡಬೇಕಾಗುತ್ತಿತ್ತು. ಹಾಗಾಗಿ ದಿನವೂ ಸಮುದ್ರದ ನೀರಿನ ಪರೀಕ್ಷೆ, ಅದರ ರಿಪೋರ್ಟ್ ನೋಡಿ ಬಾವುಟ. ಬಾವುಟ ಏರಿಸುವವನು ಎಂಜಿನಿಯರ್. ಟೀಚರ್ ಕಲಿಸುತ್ತಿದ್ದುದು ಅಕ್ಷರವಲ್ಲ, ಈಜು. ಎಂಟು ಮಕ್ಕಳು, ಅವರ ಹಿಂದೆ ಸಮುದ್ರವನ್ನೇ ನಂಬದ ಎಂಟು ಜೋಡಿ ಅಪ್ಪ ಅಮ್ಮಂದಿರು.

ದಡದಲ್ಲಿದ್ದ ಎಂಜಿನಿಯರನ ತಗಡಿನ ಶೆಡ್ಡಿನಲ್ಲಿ ಅವಳಿಗಾಗಿ ಎರಡನೇ ಕುರ್ಚಿ ಆಗಲೇ ಒರೆಸಿಟ್ಟಿತ್ತು.

"ಕೂತ್ಕೊಂಡು ಬೈತೀರಾ, ನಿಂತ್ಕೊಂಡೇ ಬೈತೀರಾ?" ಎಂದ ಅವನು.

"ಇಬ್ಬರು ಅಪ್ಪಂದಿರು ಫೋನ್ ಮಾಡಿದ್ರು. ಬಾವುಟ ನೋಡಿ ಸಾಕಾಗಿದೆ, ಕ್ಲಾಸ್ ಬಿಡಿಸ್ತೀವಿ ಅಂದ್ರು. ಇನ್ನೂ ಎಷ್ಟು ದಿನ ಇದು?"

ಅವನ ನೋಟ ಅವಳ ಕಿವಿಯ ಬಳಿ ಉಪ್ಪುನೀರಿಗೆ ಒಣಗಿ ಸುರುಳಿಯಾಗಿದ್ದ ಕೂದಲ ಮೇಲೆ ನಿಂತಿತು. ಸಿಕ್ಕಿಬಿದ್ದೆನೆಂದು ತಿಳಿದು ತಟ್ಟನೆ ವಾಕಿಟಾಕಿಯ ಕಡೆ ಹೊರಳಿತು. ಅವಳಿಗೆ ಬೈಯಬೇಕಾದ ಮಾತು ಮರೆತೇಹೋಯಿತು. ನೆನಪು ಮಾಡಿಕೊಳ್ಳಲೆಂದು ಮೇಜಿನತ್ತ ಕಣ್ಣು ಹಾಯಿಸಿದರೆ ಅಲ್ಲಿ ಇವತ್ತಿನ ರಿಪೋರ್ಟ್ ಬಿದ್ದಿತ್ತು. ಅದರಲ್ಲಿ 'ಸುರಕ್ಷಿತ' ಎಂದಿತ್ತು.

"ನೀರು ಚೆನ್ನಾಗಿದೆಯಲ್ಲ. ಮತ್ತೆ ಕೆಂಪು ಯಾಕೆ?"

ಅವನು ರಿಪೋರ್ಟನ್ನು ಮಗುಚಿಟ್ಟ. "ಹಸಿರು ಹಾಕಿದ್ರೆ ನೀವು ಬರಲ್ಲ" ಎಂದ ಕೊನೆಗೆ.

ಅವಳ ಎದೆ ಒಮ್ಮೆ ಹಿಗ್ಗಿತು, ಮರುಕ್ಷಣವೇ ಮೈಯೆಲ್ಲ ಉರಿಯಿತು. ಎರಡರಲ್ಲಿ ಯಾವುದನ್ನು ಮೊದಲು ವಿಚಾರಿಸಿಕೊಳ್ಳಬೇಕೆಂದು ಅವಳಿಗೇ ಹೊಳೆಯಲಿಲ್ಲ.

"ನನ್ನ ಮಕ್ಕಳು ಆ ಬಟ್ಟೆಯನ್ನ ನಂಬ್ತಾರೆ" ಎಂದಳು. "ಅದರ ಜೊತೆ ಆಟ ಆಡ್ಬೇಡಿ."

ಅವಳು ಶೆಡ್ಡಿನಿಂದ ಹೊರಬಂದು ಹೇಳಿಕೊಂಡುದನ್ನೆಲ್ಲ ದಡದಲ್ಲಿ ಚಹಾದಂಗಡಿ ಇಟ್ಟಿದ್ದ ಚಿಕ್ಕಮ್ಮ ಕೇಳಿಸಿಕೊಂಡು ಲೋಟ ತೊಳೆಯುತ್ತಲೇ ಇದ್ದಳು. "ಆ ರಿಪೋರ್ಟ್ ದಿನಾ ಬೆಳಗ್ಗೆ ನಮ್ಮೆಲ್ಲರ ಫೋನಿಗೂ ಬರುತ್ತಲ್ಲೇ. ದೋಣಿಯವರೆಲ್ಲ ಓದ್ತಾರೆ. ನೀನು ಓದಿರ್ಲಿಲ್ವಾ?"

ಟೀಚರ್ ಫೋನ್ ತೆಗೆದಳು. ಮೂರು ತಿಂಗಳ ಮೆಸೇಜುಗಳು ಒಂದೂ ತೆರೆಯದೆ ಸಾಲಾಗಿ ಕೂತಿದ್ದವು. ಓದಿಬಿಟ್ಟಿದ್ದರೆ ಶೆಡ್ಡಿಗೆ ಹೋಗಲು ನೆಪ ಎಲ್ಲಿರುತ್ತಿತ್ತು?

"ಪಾಪ, ಪುರುಸೊತ್ತು ಸಿಕ್ಕಿರಲ್ಲ" ಎಂದಳು ಚಿಕ್ಕಮ್ಮ, ಬೇಕೆಂದೇ ಮುಖ ತಿರುಗಿಸಿಕೊಂಡು.

ಮರುದಿನ ಹಸಿರು ಬಾವುಟ. ಕಂಬಕ್ಕೆ ಕೈಬರಹದ ಒಂದು ಕಾಗದ ಅಂಟಿಸಿತ್ತು: 'ನಿನ್ನೆ ನೀರು ಚೆನ್ನಾಗಿತ್ತು. ಕೆಂಪು ಬಾವುಟ ನನ್ನ ತಪ್ಪು.' ಕೆಳಗೆ ಅವನ ಸಹಿ. ಅವನು ಆ ಇಬ್ಬರು ಅಪ್ಪಂದಿರ ಮನೆಗೂ ಹೋಗಿ ತಪ್ಪೊಪ್ಪಿಕೊಂಡು ಬಂದಿದ್ದನಂತೆ. ಎಂಟೂ ಮಕ್ಕಳು ನೀರಿಗಿಳಿದರು.

ಆಮೇಲೆ ಹತ್ತು ದಿನ ಅವಳು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಕ್ಷಮಿಸಿದ್ದಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಮೆಸೇಜುಗಳನ್ನು ಮಾತ್ರ ಒಂದನ್ನೂ ಬಿಡದೆ ಓದಿದಳು. ಸುರಕ್ಷಿತ. ಸುರಕ್ಷಿತ. ಆ ಪದದ ಮೇಲೆ ಅವಳಿಗೆ ಸಿಟ್ಟೇ ಬರತೊಡಗಿತು. ಹನ್ನೊಂದನೆಯ ದಿನ ಹೀಗಿತ್ತು: 'ಹೊಸ ಪೈಪು ಶುರುವಾಗಿದೆ. ಇದೇ ಕೊನೆಯ ರಿಪೋರ್ಟ್.'

ಅವಳು ಹೋದಾಗ ಬಾವುಟದ ಕಂಬ ಮರಳಿನ ಮೇಲೆ ಮಲಗಿತ್ತು. ಶೆಡ್ಡಿನಲ್ಲಿ ಉಳಿದಿದ್ದುದು ಎರಡು ಕುರ್ಚಿ, ಅವನ ಬ್ಯಾಗು.

"ಇವತ್ತೇನು ದೂರು?"

"ಏನೂ ಇಲ್ಲ."

"ಹಾಗಾದ್ರೆ?"

"ಯಾಕೆ ಬಂದೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ" ಎಂದು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ರಿಪೋರ್ಟ್ ನನ್ನ ಫೋನಿಗೂ ಬರ್ತಿತ್ತು. ಬೇಕಂತಲೇ ಓದ್ತಿರ್ಲಿಲ್ಲ. ಓದಿದ್ರೆ ಇಲ್ಲಿಗೆ ಬರೋ ಹಾಗಿರ್ಲಿಲ್ಲ. ಆ ಕೆಂಪಲ್ಲಿ ಅರ್ಧ ತಪ್ಪು ನನ್ನದು."

ಅವನು ನಗಲಿಲ್ಲ. ಮೂರು ತಿಂಗಳು ಹಾಗೆ ತಡೆಹಿಡಿದಿದ್ದ ಕಣ್ಣನ್ನು ಈಗ ಮಾತ್ರ ಅವಳ ಮುಖದಿಂದ ತೆಗೆಯಲೇ ಇಲ್ಲ.

"ನಾಳೆ ಬೇರೆ ಊರಿಗೆ ಹೋಗ್ಬೇಕು" ಎಂದ. "ಇಲ್ಲಾ ಅಂದ್ರೆ ಹೊಸ ಪೈಪು ನೋಡ್ಕೊಂಡು ಒಂದು ವರ್ಷ ಇಲ್ಲೇ ಇರು ಅಂತಿದ್ದಾರೆ. ಸಂಜೆಯೊಳಗೆ ಹೇಳ್ಬೇಕು. ಏನು ಹೇಳ್ಲಿ?"

ಅವಳು ಅವನ ಶೂ ನೋಡಿದಳು. ಇಷ್ಟು ದಿನದಲ್ಲಿ ಅದು ಒದ್ದೆಯಾದುದನ್ನು ಕಂಡಿರಲೇ ಇಲ್ಲ.

"ನಿಮಗೆ ಈಜು ಬರುತ್ತಾ?"

"ಬರಲ್ಲ."

"ಸಮುದ್ರದೊಳಗೆ ಎರಡು ಕಿಲೋಮೀಟರ್ ಪೈಪು ಹಾಕಿದ್ದೀರಿ."

"ಹಾಕಿದ್ದು ಡೈವರ್‌ಗಳು. ನಾನು ದಡದಲ್ಲಿ ನಿಂತು ಹೇಳ್ತಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಕಣ್ಣು ತುಂಬಿಕೊಂಡಿತು, ಅದೇಕೆಂದು ಅವಳು ವಿಚಾರಿಸಲೂ ಹೋಗಲಿಲ್ಲ.

"ಕಲಿಯೋಕೆ ಎಷ್ಟು ದಿನ ಬೇಕು?" ಎಂದು ಕೇಳಿದ ಅವನು, ಮೆಲ್ಲಗೆ.

"ಮಕ್ಕಳಿಗಾದ್ರೆ ಒಂದು ತಿಂಗಳು. ನಿಮಗೆ ಒಂದು ವರ್ಷನಾದ್ರೂ ಬೇಕಾಗುತ್ತೆ."

ಅವನು ಕುರ್ಚಿಯ ಮೇಲೆ ಕೂತು, ಬಗ್ಗಿ, ಶೂ ಲೇಸು ಬಿಚ್ಚತೊಡಗಿದ.