ನಲವತ್ತೆರಡನೆಯ ವಾಲ್ವ್

"ಸ್ವಲ್ಪ ಹೊತ್ತು ಯಾರೂ ಮಾತಾಡಬೇಡಿ," ಎಂದ ಅಪ್ಪ.

ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಯ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ ಅವನು ಮಂಡಿಯೂರಿ ಕುಳಿತಿದ್ದ. ನೆಲದಡಿಯ ಪೈಪಿನಲ್ಲಿ ನೀರು ಹರಿಯುತ್ತಿದ್ದರೆ ಅದರ ಸದ್ದು ಕಬ್ಬಿಣದೊಳಗೆ ಹತ್ತಿ ಬರುತ್ತದೆ. ಸುತ್ತ ಏಳೆಂಟು ಜನ ಖಾಲಿ ಕೊಡ, ಬಕೆಟ್ಟು ಹಿಡಿದು ನಿಂತಿದ್ದರು.

"ಏನಪ್ಪಾ, ಏನಂತೆ ನೀರು?" ಎಂದರು ಬನಿಯನ್ ತೊಟ್ಟ ಒಬ್ಬರು. "ಬರುತ್ತಂತೋ, ಇಲ್ಲಾ ತವರುಮನೇಲೇ ಇದ್ದುಬಿಡುತ್ತಂತೋ?"

ಎಲ್ಲರೂ ನಕ್ಕರು. ಅಪ್ಪನ ಹಿಂದೆ ಶಾಲೆಯ ಚೀಲ ಹೊತ್ತು ನಿಂತಿದ್ದ ಹುಡುಗಿ ಮಾತ್ರ ನಗಲಿಲ್ಲ.

ಅಪ್ಪ ಅವಳನ್ನು ಕರೆಯುವುದು ಇರುವೆ ಎಂದು. ಯಾವಾಗಲೂ ನೆಲ ನೋಡಿಕೊಂಡೇ ನಡೆಯುತ್ತಾಳೆ, ಅದಕ್ಕೆ. ಈ ಬಡಾವಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಅಪ್ಪನ ಜೊತೆ ವಾಲ್ವ್ ತಿರುಗಿಸಲು ಹೋಗಿ ಹೋಗಿ, ಯಾವ ಮನೆಯ ಮೆಟ್ಟಿಲಿಗೆ ಯಾವ ಬಣ್ಣ, ಯಾವ ಗೇಟಿನ ಕೆಳಗೆ ನಾಯಿಯ ಮೂತಿ ಕಾಣುತ್ತದೆ, ಎಲ್ಲ ಅವಳಿಗೆ ಗೊತ್ತಾಗಿತ್ತು. ಒಳಗೆ ಯಾರಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಊರಿನಲ್ಲಿ ಅಪ್ಪನದು ಕಾಲುವೆಯ ನೀರನ್ನು ಹೊಲಗಳಿಗೆ ಬಿಡುವ ಕೆಲಸ. ಕಾಲುವೆಯ ಬಾಗಿಲುಗಳಿಗೆ ಮೋಟರ್ ಕೂರಿಸಿದರು. ಒಬ್ಬನೇ ಮನುಷ್ಯ ಆಫೀಸಿನಲ್ಲಿ ಕುಳಿತು ಗುಂಡಿ ಒತ್ತಿದರೆ ಮುಗಿಯಿತು. ಹಾಗಾಗಿ ಅಪ್ಪ ಇಲ್ಲಿಗೆ ಬಂದ. ಇಲ್ಲಿ ನಲವತ್ತೆರಡು ವಾಲ್ವ್‌ಗಳು. ನಲವತ್ತೊಂದು ಸಿಕ್ಕಿದ್ದವು. ಕೊನೆಯ ಅಡ್ಡರಸ್ತೆಯದು ಮಾತ್ರ, ರಸ್ತೆಗೆ ಹೊಸ ಟಾರು ಹಾಕಿದ ಮೇಲೆ ಎಲ್ಲಿದೆ ಎಂದೇ ತಿಳಿಯದೆ ಹೋಗಿತ್ತು. ಟಾರಿನವರು ಕೆಲಸಕ್ಕೆಂದು ಆ ವಾಲ್ವ್ ತಿರುಗಿಸಿ ನೀರು ನಿಲ್ಲಿಸಲು ಹೇಳಿದ್ದರು. ನಿಲ್ಲಿಸಿಕೊಟ್ಟಿದ್ದ ಹಳೆಯ ನೀರಿನವರು, ಅಪ್ಪನಿಗಿಂತ ಮೊದಲಿನಿಂದ ಇಲ್ಲಿ ನೀರು ಬಿಡುತ್ತಿದ್ದವರು, ಅದೇ ವಾರ ತೀರಿಕೊಂಡರು. ಆ ಬೀದಿಗೆ ಅಲ್ಲಿಯವರೆಗೆ ಅವರೇ ನೀರು ಬಿಡುತ್ತಿದ್ದರು; ಅಪ್ಪನಿಗೆ ತೋರಿಸಿಕೊಡುವುದು ನಾಳೆ ನಾಳೆ ಎಂದು ಹಾಗೆಯೇ ಉಳಿದಿತ್ತು. ಹನ್ನೊಂದು ದಿನದಿಂದ ಆ ಬೀದಿಗೆ ಹನಿ ನೀರಿಲ್ಲ.

"ಇಲ್ಲಿ ಸದ್ದಿಲ್ಲ," ಎಂದು ಅಪ್ಪ ಎದ್ದ. ಮಂಡಿ ಒರೆಸಿಕೊಂಡ.

ಕೊಡ ಹಿಡಿದವರ ನಡುವೆ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಇರುವೆಯದೇ ಕ್ಲಾಸು. ಅವಳು ಖಾಲಿ ಬಕೆಟ್ಟನ್ನು ಕಾಲಿಂದ ಒದ್ದು ಮನೆಯೊಳಗೆ ಹೋದಳು.

ಶಾಲೆಯಲ್ಲಿ ಇರುವೆ ಬಾಗಿಲು ದಾಟುವ ಮೊದಲೇ ಆ ಎರಡು ಜಡೆಯವಳ ದನಿ ಕೇಳಿತು. "ದಾರಿ ಬಿಡ್ರೇ, ಟ್ಯಾಂಕರ್ ಬಂತು. ಖಾಲಿ ಟ್ಯಾಂಕರ್."

ಇರುವೆ ಕೊನೆಯ ಬೆಂಚಿಗೆ ಹೋಗಿ ಕುಳಿತಳು. ಆ ಬೆಂಚಿನಲ್ಲಿ ಮೂವರು ಕೂರುವಷ್ಟು ಜಾಗವಿತ್ತು. ಕೂರುತ್ತಿದ್ದುದು ಅವಳೊಬ್ಬಳೇ.

ಅಂದು ಟೀಚರ್ ಒಂದು ಪ್ರಾಜೆಕ್ಟ್ ಕೊಟ್ಟರು. "ನಿಮ್ಮ ಬಡಾವಣೆಯ ಮ್ಯಾಪ್ ಬರೀಬೇಕು. ಮೊದಲು ಇಲ್ಲಿ ಏನಿತ್ತು ಅಂತ ಹಳಬರನ್ನ ಕೇಳಿ ಬರೀಬೇಕು. ಸೋಮವಾರ ತನ್ನಿ. ಇಬ್ಬಿಬ್ಬರು ಸೇರಿ ಮಾಡಬಹುದು."

ಎಲ್ಲರೂ ಪಕ್ಕದವರ ಕಡೆ ತಿರುಗಿದರು. ಇರುವೆ ಕಿಟಕಿಯ ಕಡೆ ತಿರುಗಿದಳು.

ಸಂಜೆ ನೀರಿನ ಆಫೀಸಿನ ಎಂಜಿನಿಯರ್ ಮನೆಗೇ ಬಂದರು. ಮನೆಯೆಂದರೆ ದೊಡ್ಡ ಟ್ಯಾಂಕಿನ ಕೆಳಗಿನ ಒಂದು ಕೋಣೆ, ಕೆಲಸದ ಜೊತೆಗೆ ಕೊಟ್ಟದ್ದು.

"ಹೊಸಾ ರಸ್ತೇನ ಮೂರು ಕಡೆ ಅಗೆದಿದ್ದೀಯ. ನನಗೆ ಫೋನ್ ಮೇಲೆ ಫೋನ್," ಎಂದರು.

"ಹಳೇ ನೀರಿನವರು ಒಂದು ಮ್ಯಾಪ್ ಬರೆದಿಟ್ಟಿದ್ರೆ ಚೆನ್ನಾಗಿತ್ತು ಸಾರ್."

"ಎಲ್ಲಾ ಅವರ ತಲೇಲಿತ್ತು ಕಣಯ್ಯಾ. ಅವರ ಜೊತೇಲೇ ಹೋಯ್ತು. ಸೋಮವಾರದ ತನಕ ನೋಡು. ಸಿಗ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ಹಾಕಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಅವರು ಹೋದ ಮೇಲೆ ಅಪ್ಪ ಬಾಗಿಲಲ್ಲೇ ಕುಳಿತ.

"ಬೇರೆಯವರನ್ನ ಹಾಕಿದ್ರೆ ನಾವೇನ್ ಮಾಡೋದಪ್ಪಾ?"

"ಏನ್ ಮಾಡೋದು. ಊರಿಗೆ ಹೋಗೋದು."

ಇರುವೆಯ ಎದೆಯೊಳಗೆ ಏನೋ ಪುಟಕ್ಕನೆ ನೆಗೆಯಿತು. ಅಪ್ಪನ ಮುಖ ನೋಡಿದೊಡನೆ ಅದು ತೆಪ್ಪಗೆ ಕುಳಿತುಕೊಂಡಿತು. ಆದರೆ ಅಲ್ಲಿಂದ ಹೋಗಲಿಲ್ಲ.

ಊರಿನಲ್ಲಿ ಅಮ್ಮ ಇದ್ದಳು, ಅಜ್ಜಿಯ ಮನೆಯಲ್ಲಿ. ಇವರಿಬ್ಬರೂ ಇಲ್ಲಿಗೆ ಬಂದ ವಾರವೇ ತಮ್ಮ ಹುಟ್ಟಿದ; ಈಗ ನಾಲ್ಕು ತಿಂಗಳು. ಅವನಿಗೆ ಕತ್ತು ನಿಲ್ಲಲಿ, ಬರ್ತೀನಿ ಎಂದಿದ್ದಳು ಅಮ್ಮ. ಕತ್ತು ನಿಂತಿತು. ಈಗ ಕೂರೋ ಹಾಗಾಗಲಿ ಎನ್ನುತ್ತಿದ್ದಾಳೆ. ಇರುವೆ ತಮ್ಮನನ್ನು ಇನ್ನೂ ನೋಡಿಲ್ಲ. ಭಾನುವಾರ ಅಮ್ಮ ಫೋನನ್ನು ಮಲಗಿದ ಅವನ ಮೂಗಿನ ಹತ್ತಿರ ಹಿಡಿಯುತ್ತಾಳೆ. ಅವನು ಉಸಿರಾಡುವುದು ಕೇಳಿಸುತ್ತದೆ. ಅಷ್ಟೇ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಇರುವೆ ಹಾಳೆ, ಪೆನ್ಸಿಲ್ ಹಿಡಿದು ಒಬ್ಬಳೇ ಹೊರಟಳು. ಹಳಬರನ್ನು ಕೇಳಬೇಕು, ಸರಿ. ಆದರೆ ಗೇಟು ತಟ್ಟುವುದು ಹೇಗೆ? ಎರಡು ಗೇಟಿನ ಹತ್ತಿರ ನಿಂತು, ಕೈ ಎತ್ತಿ, ಇಳಿಸಿ, ಮುಂದೆ ಹೋದಳು.

ಕೊನೆಯ ಅಡ್ಡರಸ್ತೆಯ ಮೂಲೆಯಲ್ಲಿ ಟೈಲರ್ ಅಜ್ಜಿಯ ಅಂಗಡಿ. ಅದಕ್ಕೆ ಗೇಟೇ ಇರಲಿಲ್ಲ.

"ಏನೇ ಅದು, ನಿಂತಲ್ಲೇ ನಿಂತಿದ್ದೀ? ಅಳತೆ ಕೊಡೋಕೆ ಬಂದ್ಯಾ?" ಎಂದಳು ಅಜ್ಜಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

"ಅಲ್ಲ ಅಜ್ಜೀ. ಮೊದಲು ಇಲ್ಲಿ ಏನಿತ್ತು ಅಂತ ಕೇಳೋಕೆ."

ಯಂತ್ರ ನಿಂತಿತು. "ಹೊಲಿಸಬೇಕು, ಬಿಚ್ಚಬೇಕು, ಬೇಗ ಕೊಡಿ ಅನ್ನೋದೊಂದೇ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ ನಂದು. ಕೂತ್ಕೋ." ಅಜ್ಜಿ ಬಟ್ಟೆಯ ಗಂಟೊಂದನ್ನು ಪಕ್ಕಕ್ಕೆ ತಳ್ಳಿದಳು. "ನೀನು ನಿಂತ ಜಾಗ ಇದೆಯಲ್ಲ, ಅಲ್ಲಿ ದೊಡ್ಡ ಗುಂಡಿ ಇತ್ತು. ಇಡೀ ಬೀದಿನೇ ಗುಂಡಿ."

"ಬೀದಿ ಇಡೀ?"

"ಇಟ್ಟಿಗೆ ಸುಡ್ತಿದ್ರು ಇಲ್ಲಿ. ಮಣ್ಣು ತೆಗೆದು ತೆಗೆದು ಆನೆ ಮುಳುಗೋಷ್ಟು ಗುಂಡಿ. ನಾನು ಬಂದಾಗ ಈ ಮೂಲೆಯ ಮನೆ ಒಂದೇ. ಬೀದಿಯ ಆ ತುದಿ ಗೋಡೆ ಪಕ್ಕ ಇನ್ನೂ ನಾಲ್ಕು. ಮಧ್ಯ ಬರೀ ನೀರು, ಕಪ್ಪೆ. ಆಮೇಲೆ ಎಲ್ಲೆಲ್ಲಿಂದಲೋ ಮಣ್ಣು ತಂದು ತುಂಬಿದ್ರು. ಸೈಟ್ ಮಾಡಿದ್ರು. ಈ ರಸ್ತೆ ಬಾಯಲ್ಲಿ ಜಾಸ್ತಿ ಸುರಿದ್ರು, ಅದಕ್ಕೇ ಇಲ್ಲಿ ಎತ್ತರ."

ಇರುವೆ ಬರೆದುಕೊಳ್ಳುತ್ತಿದ್ದಳು. ಅಜ್ಜಿ ಕಿಟಕಿಯ ಕಡೆ ನೋಡುತ್ತ ಕುಳಿತಳು.

"ಹಳೇ ನೀರಿನವರು ಬೆಳಿಗ್ಗೆ ಇಲ್ಲೇ ಮೆಟ್ಟಿಲ ಮೇಲೆ ಕೂತು ಟೀ ಕುಡೀತಿದ್ರು. ಅವರ ಪ್ಯಾಂಟಿಗೆ ನಾನು ತೇಪೆ ಹಾಕಿದ್ದು ಎಷ್ಟು ಸಲವೋ. ಎಡ ಮಂಡಿ ಒಂದೇ ಹರಿಯೋದು. ಈ ಬೀದಿಗೆ ನೀರು ಬಿಟ್ಟು ಬಂದ ದಿನ ಆ ಮಂಡಿ ಕುಂಕುಮ ಬಳಿದ ಹಾಗೆ ಕೆಂಪು. ಇಟ್ಟಿಗೆ ಪುಡಿ. ನನ್ನ ಬಟ್ಟೆಗೆಲ್ಲ ಮೆತ್ತಬೇಡ್ರೀ ಅಂತ ಬೈತಿದ್ದೆ. ಈಗ ಬೈಯೋಕೂ ಯಾರಿಲ್ಲ."

ಇರುವೆಯ ಪೆನ್ಸಿಲ್ ನಿಂತಿತು.

ನೆಲ ನೋಡಿಕೊಂಡು ನಡೆಯುವವಳು ಅವಳು. ಈ ರಸ್ತೆಯ ಬಾಯಲ್ಲಿ, ಅಪ್ಪ ಅಗೆದ ಮೂರೂ ಕಡೆ ಬಂದದ್ದು ಕಪ್ಪು ಮಣ್ಣು. ಇಟ್ಟಿಗೆ ಪುಡಿ ಬೆರೆತ ಕೆಂಪು ಮಣ್ಣು ಇರುವುದು ಬೀದಿಯ ಆ ತುದಿಯಲ್ಲಿ, ಗೋಡೆಯ ಬುಡದಲ್ಲಿ. ಅಲ್ಲೇ ಟಾರಿನವರು ಮಿಕ್ಕ ಜಲ್ಲಿಯನ್ನು ಸುರಿದು ಹೋಗಿದ್ದರು. ಉಳಿದ ಎಲ್ಲ ವಾಲ್ವ್‌ಗಳೂ ರಸ್ತೆಯ ಬಾಯಲ್ಲಿವೆ, ನೀರು ಎತ್ತರದಿಂದ ತಾನೆ ಬರುವುದು ಎಂದು ಅಪ್ಪ ಇಲ್ಲೇ ಹುಡುಕುತ್ತಿದ್ದ. ಆದರೆ ಆ ಹಳೆಯ ಮನೆಗಳಿಗೆ ಪೈಪು ಹಾಕಿದಾಗ ಇಲ್ಲಿ ಎತ್ತರವೇ ಇರಲಿಲ್ಲ. ಗುಂಡಿ ಇತ್ತು. ಪೈಪು ಗುಂಡಿಯನ್ನು ಬಳಸಿಕೊಂಡು ಹಿಂದಿನಿಂದ ಬಂದಿರಬೇಕು.

"ಯಾಕೇ, ದೆವ್ವ ಕಂಡೋಳ ಹಾಗೆ ಕೂತೆ?" ಎಂದಳು ಅಜ್ಜಿ.

"ಏನಿಲ್ಲ ಅಜ್ಜೀ."

ಮನೆಗೆ ಹೋದಾಗ ಅಪ್ಪ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಗುದ್ದಲಿ ಹಿಡಿದು ಹಿಡಿದು ಬೊಬ್ಬೆ ಎದ್ದಿತ್ತು. "ಪ್ರಾಜೆಕ್ಟ್ ಆಯ್ತಾ ಇರುವೆ?" ಎಂದು ಕೇಳಿದ.

"ಹೂಂ," ಎಂದಳು. ಬೇರೇನೂ ಹೇಳಲಿಲ್ಲ. ಹೇಳಿದರೆ ಅಪ್ಪನ ಕೆಲಸ ಉಳಿಯುತ್ತದೆ. ಹೇಳದಿದ್ದರೆ ಮಂಗಳವಾರದ ಬಸ್ಸು, ಅಮ್ಮ, ತಮ್ಮ.

ಹಾಳೆ ಹರಡಿ ಮ್ಯಾಪ್ ಬರೆದಳು. ನಲವತ್ತೊಂದು ಸಣ್ಣ ಸೊನ್ನೆ ಹಾಕಿದಳು. ದೊಡ್ಡ ರಸ್ತೆ ಹಾಳೆಯ ಅಂಚು ತಲುಪುವಲ್ಲಿ ಒಂದು ಬಾಣ ಎಳೆದು 'ನಮ್ಮೂರಿಗೆ' ಎಂದು ಬರೆದಳು. ಕೊನೆಯ ಬೀದಿಯ ಗೋಡೆಯ ತನಕ ಹೋದ ಪೆನ್ಸಿಲ್ ಅಲ್ಲಿ ಏನನ್ನೂ ಬರೆಯದೆ ಹಿಂದೆ ಬಂತು.

ಶನಿವಾರ ಎರಡು ಜಡೆಯ ಹುಡುಗಿ ಶಾಲೆಗೆ ತಡವಾಗಿ ಬಂದಳು. ಜಡೆಯೇ ಇರಲಿಲ್ಲ, ಕೂದಲನ್ನು ಒಟ್ಟಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಳು. ಬಿಳಿ ಯೂನಿಫಾರ್ಮಿನ ಮೇಲೆ ಗುರುವಾರ ಬಿದ್ದ ಇಂಕಿನ ಕಲೆ ಹಾಗೆಯೇ ಇತ್ತು.

"ಇದೇನಿದು, ಒಗೆದಿಲ್ವಾ?" ಎಂದರು ಟೀಚರ್.

ಇರುವೆ ಕಿವಿ ಮುಚ್ಚಿಕೊಳ್ಳಬೇಕೆಂದುಕೊಂಡಳು. ಈಗ ಟ್ಯಾಂಕರ್ ಮಾತು ಬಂದೇ ಬರುತ್ತದೆ.

"ನೀರಿರಲಿಲ್ಲ ಟೀಚರ್," ಎಂದಳು ಆ ಹುಡುಗಿ, ಮೆಲ್ಲಗೆ. "ಅಮ್ಮನಿಗೆ ಹುಷಾರಿಲ್ಲ. ನಾನೇ ದೊಡ್ಡ ರಸ್ತೆಯಿಂದ ಹೊತ್ತು ತಂದೆ. ಅಡುಗೆಗೆ ಸಾಕಾಯ್ತು ಅಷ್ಟೇ."

ಹಿಂದಿನ ಬೆಂಚಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಬಕೆಟ್ಟಿನ ಹಿಡಿ ಒತ್ತಿ ಅವಳ ಬೆರಳುಗಳ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅಪ್ಪನ ಅಂಗೈ ಇರುವೆಗೆ ನೆನಪಾಯಿತು.

ಅರ್ಧ ದಿನದ ಶಾಲೆ ಮುಗಿದಾಗ ಇರುವೆ ಮನೆಗೆ ಹೋಗಲಿಲ್ಲ. ನೇರ ಕೊನೆಯ ಅಡ್ಡರಸ್ತೆಗೆ ಓಡಿದಳು. ಅಪ್ಪ ನಾಲ್ಕನೆಯ ಗುಂಡಿಯಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದ.

"ಅಪ್ಪಾ, ಇಲ್ಲಲ್ಲ. ಆ ಕಡೆ, ಗೋಡೆ ಹತ್ರ. ಜಲ್ಲಿ ಕೆಳಗೆ."

ಗುಂಡಿ, ಇಟ್ಟಿಗೆ, ಮಂಡಿಯ ತೇಪೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ನೆಲ ನೋಡಿದಳು. "ನಿನ್ನೇನೇ ಗೊತ್ತಾಗಿತ್ತು."

"ಮತ್ತೆ ಹೇಳಲಿಲ್ಲ?"

"ಸಿಗದೇ ಇದ್ರೆ ಊರಿಗೆ ಹೋಗ್ತೀವಲ್ಲ ಅಂತ."

ಅಪ್ಪ ಗುದ್ದಲಿಯ ಕಾವಿನ ಮೇಲೆ ಗದ್ದ ಊರಿದ. "ನನಗೂ ಒಂದೊಂದು ದಿನ ಹಾಗೇ ಅನ್ಸುತ್ತೆ ಕಣೇ," ಎಂದ. ಗುಂಡಿಯಿಂದ ಮೇಲೆ ಬಂದ. "ಕೀ ಹಿಡ್ಕೊ. ಬಾ."

ಜಲ್ಲಿ ಸರಿಸಲು ಒಂದು ಗಂಟೆ ಹಿಡಿಯಿತು. ಬನಿಯನ್ನಿನವರು ಬಂದು ನಿಂತು ನೋಡಿದರು. ಆಮೇಲೆ ಒಳಗೆ ಹೋಗಿ ತಾವೂ ಒಂದು ಸಲಿಕೆ ತಂದರು. ಮೊಳದಷ್ಟು ಜಲ್ಲಿಯ ಕೆಳಗೆ ಕೆಂಪು ಮಣ್ಣು ಕಂಡಿತು. ಅದನ್ನು ಸ್ವಲ್ಪ ಕೆರೆದೊಡನೆ ಗುದ್ದಲಿ ಠಣ್ ಎಂದಿತು. ಕಬ್ಬಿಣದ ಮುಚ್ಚಳ.

ಅಪ್ಪ ಮಂಡಿಯೂರಿದ. ಎಡ ಮಂಡಿ. ಮುಚ್ಚಳ ತೆಗೆದು, ಕೀ ಕೂರಿಸಿ ಎರಡು ಸುತ್ತು ತಿರುಗಿಸಿದ. ಮೂರನೆಯ ಸುತ್ತಿಗೆ ನಿಲ್ಲಿಸಿ, "ಕಿವಿ ಕೊಡು," ಎಂದ.

ಇರುವೆ ಕೀಗೆ ಕಿವಿ ಹಚ್ಚಿದಳು. ಕಬ್ಬಿಣ ಬಿಸಿಲಿಗೆ ಸುಡುತ್ತಿತ್ತು. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ಬಹಳ ದೂರದಲ್ಲಿ, ಮಲಗಿದ ಮಗುವಿನ ಮೂಗಿನ ಹತ್ತಿರ ಫೋನ್ ಹಿಡಿದ ಹಾಗೆ, ಒಂದು ಉಸಿರು.

ಅವಳು ಕಿವಿ ತೆಗೆಯಲಿಲ್ಲ. ಬೀದಿಯ ಮನೆಗಳಲ್ಲಿ ಒಂದೊಂದೇ ನಲ್ಲಿ ಗೊರ ಗೊರ ಎಂದು ಕೆಮ್ಮಿ, ಬಕೆಟ್ಟುಗಳ ತಳಕ್ಕೆ ನೀರು ಬೀಳುವ ಸದ್ದಾಗುವವರೆಗೂ ಹಾಗೆಯೇ ಇದ್ದಳು. ಜನರೆಲ್ಲ ಒಳಗೆ ಓಡಿದ್ದರು. ಬೀದಿಯಲ್ಲಿ ಉಳಿದವರು ಅಪ್ಪ, ಮಗಳು ಇಬ್ಬರೇ.

ಸೋಮವಾರ ಟೀಚರ್ ಅವಳ ಮ್ಯಾಪನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ನಲವತ್ತೆರಡು ಸೊನ್ನೆ. ಟೈಲರ್ ಅಜ್ಜಿಯ ಮೆಟ್ಟಿಲು. ಕೊನೆಯ ಬೀದಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹಳೆಯ ಗುಂಡಿ, ಅದರಲ್ಲಿ ಒಂದು ಕಪ್ಪೆ.

"ಎಲ್ಲಾ ಇದೆ," ಎಂದರು. "ನಿನ್ನ ಮನೆ ಎಲ್ಲಿ?"

ಇರುವೆ ಬಗ್ಗಿ ನೋಡಿದಳು. ಹಾಳೆಯ ತುಂಬ ಹುಡುಕಿದಳು. ಬರೆದೇ ಇರಲಿಲ್ಲ. ಮರೆತದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

"ದೊಡ್ಡ ಟ್ಯಾಂಕ್ ಇದೆಯಲ್ಲ ಟೀಚರ್, ಅದರ ಕೆಳಗೆ," ಎಂದಿತು ಮುಂದಿನ ಬೆಂಚಿನಿಂದ ಒಂದು ದನಿ. ಎರಡು ಜಡೆ ಬಿಗಿಯಾಗಿ ಹೆಣೆದಿತ್ತು. "ನೀಲಿ ಬಾಗಿಲು. ಇವಳು ಅಲ್ಲಿರೋದು."

ಬಾಗಿಲಿನ ಬಣ್ಣವೂ ಆ ಹುಡುಗಿಗೆ ಗೊತ್ತಿತ್ತು.

ಇರುವೆ ಪೆನ್ಸಿಲ್ ತೆಗೆದುಕೊಂಡಳು. ಟ್ಯಾಂಕಿನ ಕೆಳಗೆ, ಬೇಕಾದರೆ ಅಳಿಸಿಬಿಡಬಹುದು ಎಂಬಷ್ಟು ತೆಳ್ಳಗೆ, ಒಂದು ಚೌಕ ಬರೆದಳು. ಹಾಳೆಯ ಅಂಚಿನ ಬಾಣವನ್ನೊಮ್ಮೆ ನೋಡಿದಳು. ಅದನ್ನು ಅಳಿಸಲಿಲ್ಲ.

ಆಮೇಲೆ ಆ ಚೌಕದ ಗೆರೆಗಳ ಮೇಲೆಯೇ, ಈ ಸಲ ಸ್ವಲ್ಪ ಒತ್ತಿ, ಇನ್ನೊಮ್ಮೆ ಎಳೆದಳು.