ಹಲಗೆಯ ಕೂಸಿನ ಬೊಟ್ಟು

ಬಿದಿರುಕಡ್ಡಿಗೆ ಹತ್ತಿ ಸುತ್ತಿ, ತುದಿಯನ್ನು ನಾಲಿಗೆಗೆ ಒತ್ತಿ ಒದ್ದೆಮಾಡಿ, ಶಕುಂತಲಾಬಾಯಿ ಚಿತ್ರದ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದಳು. ಬಣ್ಣ ಕದಲದಂತೆ ಹಳೆಯ ಮಸಿ ಎತ್ತಲು ಉಗುಳಿಗಿಂತ ಒಳ್ಳೆಯದಿಲ್ಲ ಎಂದು ಮುಂಬಯಿಯಲ್ಲಿ ಕಲಿತಿದ್ದಳು. ಬಶೀರಾಬಾದಿನ ದೇಶಮುಖರ ಅಜ್ಜ ಇಟಲಿಯಿಂದ ತರಿಸಿದ್ದ ನಾನೂರು ವರ್ಷ ಹಳೆಯ ಮರದ ಹಲಗೆ ಅದು. ನೀಲಿ ಸೆರಗಿನ ತಾಯಿ, ತೊಡೆಯ ಮೇಲೆ ಕೂಸು. ನಿಜಾಮರ ಅಧಿಕಾರಿಗಳು ನೋಡಲು ಬರುವವರಿದ್ದರೆಂದು ಶುಚಿಮಾಡಲು ಅವಳನ್ನು ವಾಡೆಗೆ ಕರೆಸಿದ್ದರು.

ಪಕ್ಕದ ತೊಟ್ಟಿಲಲ್ಲಿ ಅವಳ ಮೊಲೆಗೂಸು ಶಾಮಲಾ. ಹಗ್ಗ ಜಗ್ಗುತ್ತಿದ್ದವಳು ಕುರುಡಿ ಅಮೃತಬಾಯಿ, ಒಂದು ಕಾಲಕ್ಕೆ ದೇಶಮುಖರ ಆ ವಾಡೆಯ ಕೂಸುಗಳಿಗೆ ಹಾಲೂಡಿಸಿದವಳು. ಅವಳ ಕೈ ತಟ್ಟನೆ ನಿಂತಿತು.

"ಕೂಸಿನ ಗಲ್ಲದ ಬೊಟ್ಟಿನತನಕ ಬಂದ್ರೇನ್ರಿ ಬಾಯಾರ? ಅದೊಂದು ಬಿಡ್ರಿ. ಹಿಂದಕ ದೇಶಮುಖರ ಸಣ್ಣ ಹೇಣ್ತಿ ಹಡದಾಳಂತ ದೊಡ್ಡಾಕಿ ಹೊಟ್ಟೆಕಿಚ್ಚಿಗಿ ಆ ಹಲಗಿಗಿ ಮಾಟ ಮಾಡಿಸ್ಯಾಳ. ಬೊಟ್ಟು ಅದ ಅಂತ ಸುಮ್ಮ ಕುಂತದ. ನಿಮ್ಮ ಎಂಜಲ ಬ್ಯಾರೆ ತಾಗ್ಯಾದ."

"ಇಟಲಿ ಕೂಸಿಗಿ ನಮ್ಮೂರ ಮಾಟ ತಿಳೀತದೇನ್ ಆಯಿ?" ಶಕುಂತಲಾ ನಕ್ಕಳು. ಚಿತ್ರಕಾರ ಇಟ್ಟ ಕಪ್ಪಲ್ಲ ಅದು, ಆಮೇಲೆ ಯಾರೋ ಬಳಿದ ಹೊಲಸು. ಕಡ್ಡಿ ಒಮ್ಮೆ ಉರುಳಿತು. ಬೊಟ್ಟು ಹೋಯಿತು.

ಹಲಗೆಯ ಹಿಂದೆ, ಹುಳು ಕೊರೆದ ತೂತುಗಳಲ್ಲಿ, ಏನೋ ಚಪ್ಪರಿಸಿದ ಸದ್ದು.

ಆ ಸಂಜೆಯಿಂದ ಶಾಮಲಾ ಎದೆ ಹಿಡಿಯಲಿಲ್ಲ. ಹಕೀಮರ ಔಷಧ ಬಂತು, ಮಠದ ಅಂಗಾರದ ಬೂದಿ ಬಂತು. ತುಟಿಗೆ ಹಿಂಡಿದ ಹಾಲು ಕೆನ್ನೆಗೆ ಇಳಿದುಹೋಯಿತು. ಅಳುವ ಶಕ್ತಿಯೂ ಬತ್ತಿತು. ಕುಡಿಯುವವರಿಲ್ಲದೆ ಶಕುಂತಲಾಳ ಎದೆ ಬಿಗಿದು ನೋಯಬೇಕಿತ್ತು. ನೋಯಲಿಲ್ಲ. ಯಾರೋ ಹೊಟ್ಟೆತುಂಬ ಕುಡಿದುಹೋದಂತೆ ಹಗುರಾಗಿತ್ತು.

ಅದು ಅರಿವಾದ ಕ್ಷಣ ಮಗುವನ್ನು ಅವಚಿಕೊಂಡು ಚಿತ್ರದ ಕೋಣೆಗೆ ಓಡಿದಳು. ಹೊರಗೆ ಹಗಲು. ಒಳಗೆ ಮುಚ್ಚಿದ ಕಿಟಕಿಗಳ ಕತ್ತಲು. ಅಂಟಿನ ನಾತದೊಳಗೆ ಹಸಿ ಹಾಲಿನ ವಾಸನೆ. ತನ್ನದೇ ಹಾಲು. ಹಲಗೆ ಮುಟ್ಟಿದಳು. ಬೆಚ್ಚಗಿತ್ತು. ಚಿತ್ರದ ಕೂಸಿನ ಗಲ್ಲ ಉಬ್ಬಿತ್ತು. ತುಟಿ ಒದ್ದೆ. ಕಪ್ಪು ಬಣ್ಣ ಅದ್ದಿ ಬೊಟ್ಟಿಟ್ಟಳು. ಇಳಿದುಹೋಯಿತು. ಮತ್ತೆ ಇಟ್ಟಳು. ಮತ್ತೆ ಇಳಿಯಿತು.

"ಬಣ್ಣ ನಿಲ್ಲಂಗಿಲ್ರಿ." ಬಾಗಿಲಲ್ಲಿ ಅಮೃತಬಾಯಿ. "ಇಡಾಕಿ ತನ್ನ ಕಣ್ಣಾಗಿನ ಕಾಡಿಗಿನೇ ಇಡಬೇಕು. ಅದರ ಜೋಡಿ ಕಣ್ಣೂ ಹೋಗ್ತಾವ. ಸಣ್ಣಾಕಿ ಕೂಸು ನನ್ನ ತೊಡಿ ಮ್ಯಾಲೇ ಸಾಯಾಕತ್ತಿತ್ತು. ನಾನ ಇಟ್ಟೆ."

"ಇನ್ನೊಮ್ಮೆ ನೀನ ಇಡು, ಆಯಿ. ಕಾಲಿಗಿ ಬೀಳ್ತೀನಿ."

"ಕೊಡಾಕ ನನಗ ಕಣ್ಣೆಲ್ಲಿ ಉಳದಾವ್ರಿ?"

ಮುದುಕಿ ಗೋಡೆ ತಡವುತ್ತ ಹೋದಳು. ಅಂಗಳದಿಂದ ಗಂಡ ಶಿವಶಂಕರಪ್ಪನ ಕೂಗು. "ಶಕುಂತಲಾ, ಟಾಂಗಾ ಬಂದದ! ತಾಂಡೂರಾಗ ರೈಲು ತಪ್ಪಿದ್ರ ಹೈದರಾಬಾದ್ ಡಾಕ್ಟರು ನಾಳಿಗೇ ಸಿಗೋದು. ಏನು ಮಾಡ್ಲಿಕತ್ತಿ ಅಲ್ಲಿ?"

ತೋಳಿನಲ್ಲಿದ್ದ ಉಸಿರು ನಾಳೆಯವರೆಗೆ ನಿಲ್ಲುವಂತಿರಲಿಲ್ಲ.

"ಬಂದೆ ರೀ. ಚೂರು ಕೆಲಸ ಉಳದದ."

ಕಿಟಕಿ ತೆರೆದು ಮಗುವನ್ನು ಬೆಳಕಿಗೆ ಹಿಡಿದಳು. ಹುಬ್ಬು. ಕಿವಿಯ ಹಿಂದಿನ ಮಚ್ಚೆ. ಅಕ್ಕಿಕಾಳಿನಂಥ ಉಗುರುಗಳು. ಚಿತ್ರಗಳನ್ನು ನೋಡುತ್ತಿದ್ದ ಹಾಗೆ ನೋಡಿದಳು, ಒಂದನ್ನೂ ಬಿಡದೆ.

ಆಮೇಲೆ ಉಂಗುರಬೆರಳನ್ನು ತನ್ನ ಕಣ್ಣಂಚಿನ ಕಾಡಿಗೆಗೆ ಒಯ್ದಳು.